ಎಡಗಡೆ ಕಡಲು, ಬಲಗಡೆ ಹೊಳೆ: ಮನೆಮಂದಿಗೆಲ್ಲ ಒಂದು ಕರಾವಳಿ ಪಯಣ

ಮಕ್ಕಳ ರಜೆಯ ದಿನಾಂಕ ಗೊತ್ತಾದ ಕೂಡಲೇ ಮನೆಯಲ್ಲಿ ಮಾತು ಶುರು: "ಈ ಸಲ ಎಲ್ಲಿಗೆ?" ಮಕ್ಕಳು ಬೀಚ್ ಅಂತಾರೆ. ಅಜ್ಜಿ "ಉಡುಪಿ ಕೃಷ್ಣನ್ನ ನೋಡಿ ಎಷ್ಟು ವರ್ಷ ಆಯ್ತು" ಅಂತಾರೆ. ಯಜಮಾನರಿಗೆ ಒಳ್ಳೆಯ ಮೀನೂಟ ಸಿಕ್ಕರೆ ಸಾಕು. ಮನೆಯೊಡತಿಗೆ ಎರಡು ದಿನ ಒಲೆ ಮುಂದೆ ನಿಲ್ಲದಿದ್ದರೆ ಅದೇ ದೊಡ್ಡ ರಜೆ. ಇಷ್ಟೂ ಆಸೆಗಳನ್ನು ಒಂದೇ ರಸ್ತೆಯಲ್ಲಿ ತೀರಿಸುವ ಜಾಗ ನಮ್ಮ ರಾಜ್ಯದಲ್ಲೇ ಇದೆ. ಅದು ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ.

ದೂರವೂ ಹೆಚ್ಚೇನಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೇರವಾಗಿ ಹೋದರೆ ಸುಮಾರು 270 ಕಿ.ಮೀ. ಎಲ್ಲೂ ನಿಲ್ಲದಿದ್ದರೆ ಒಂದೇ ದಿನದಲ್ಲಿ ಮುಗಿದುಹೋಗುತ್ತೆ. ತೊಂದರೆ ಶುರುವಾಗುವುದೂ ಇಲ್ಲೇ. "ಹೇಗೂ ಹೋಗ್ತಿದೀವಲ್ಲ" ಅಂತ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಲ್ಲವನ್ನೂ ಮೂರು ದಿನಕ್ಕೆ ತುರುಕುತ್ತೇವೆ. ಆಮೇಲೆ ಆಗುವುದೇನು? ಮಧ್ಯಾಹ್ನದ ಉರಿಬಿಸಿಲಲ್ಲಿ ಮರಳಿನ ಮೇಲೆ, ಸೂರ್ಯಾಸ್ತದ ಹೊತ್ತಿಗೆ ಟೋಲ್ ಗೇಟಿನಲ್ಲಿ, ಕತ್ತಲಾದ ಮೇಲೆ ಅವಸರದಲ್ಲಿ ನೀರಿನ ಹತ್ತಿರ. ಅಜ್ಜಿಯ ಕಾಲು ಊದಿರುತ್ತದೆ, ಮಕ್ಕಳು ಕಾರಿನಲ್ಲೇ ನಿದ್ದೆ ಹೋಗಿರುತ್ತಾರೆ.

ಅದಕ್ಕೇ ಈ ಲೇಖನದ ಮಾತು ಒಂದೇ. ಊರುಗಳ ಪಟ್ಟಿ ಹಿಡಿದು ಕರಾವಳಿ ಪ್ರವಾಸ ಯೋಜಿಸಬೇಡಿ, ದಿನದ ಹೊತ್ತು ಹಿಡಿದು ಯೋಜಿಸಿ. ಬೆಳಿಗ್ಗೆ ದಡ, ಮಧ್ಯಾಹ್ನ ನೆರಳು, ಸಂಜೆ ಮತ್ತೆ ದಡ. ದಿನಕ್ಕೆ ನೂರು ಕಿ.ಮೀ.ಗಿಂತ ಹೆಚ್ಚು ಓಡಾಟ ಬೇಡ.

ಯಾವಾಗ ಹೋಗಬೇಕು?

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆಕಾಶ ತಿಳಿ ಇರುತ್ತದೆ, ಸಂಜೆ ಗಾಳಿ ಹಿತ. ಏಪ್ರಿಲ್–ಮೇ ತಿಂಗಳಲ್ಲಿ ಹೋಗಬಾರದು ಅಂತೇನಿಲ್ಲ, ಆದರೆ ಸೆಕೆಗೆ ಸಿದ್ಧರಾಗಿರಿ. ಘಟ್ಟದ ಮೇಲಿನವರಿಗೆ ಆ ಬೆವರು ಹೊಸದು. ಆಗಿನ ಲಾಭವೆಂದರೆ ಮಾವು, ಹಲಸು ಮತ್ತು ಕುಮಟಾ ಸುತ್ತಮುತ್ತ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಹಸಿರೋ ಹಸಿರು. ಆದರೆ ಕಡಲಿಗೆ ಇಳಿಯುವ ಕಾಲ ಅದಲ್ಲ. ದ್ವೀಪಕ್ಕೆ ಹೋಗುವ ದೋಣಿಗಳು ನಿಂತಿರುತ್ತವೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನೂ ಕಡಿಮೆ. ರಸ್ತೆಯನ್ನೂ ಪೂರ್ತಿ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಹೊರಡಲೇಬೇಕಿದ್ದರೆ ಹಿಂದಿನ ದಿನದ ಹವಾಮಾನ ಎಚ್ಚರಿಕೆ ನೋಡಿ. ರೆಡ್ ಅಲರ್ಟ್ ಇದ್ದರೆ ಮುಂದೂಡಿ. (ಬೈಂದೂರಿನ ಹತ್ತಿರ ಇನ್ನೊಂದು ಶಿರೂರು ಇದೆ. ಸುದ್ದಿ ಕೇಳುವಾಗ ಯಾವ ಶಿರೂರು ಅಂತ ಖಚಿತ ಮಾಡಿಕೊಳ್ಳಿ.)

ಯಾವ ದಿಕ್ಕಿನಿಂದ ಶುರು?

ಇದೊಂದು ಚಿಕ್ಕ ವಿಷಯ, ಆದರೆ ಉಪಯೋಗ ದೊಡ್ಡದು. ನಾವು ಗಾಡಿ ಓಡಿಸುವುದು ರಸ್ತೆಯ ಎಡಗಡೆ. ಮಂಗಳೂರಿನಿಂದ ಉತ್ತರಕ್ಕೆ ಹೊರಟರೆ ಕಡಲು ಇರುವುದೂ ಎಡಗಡೆ. ದಡ ಕಂಡಲ್ಲಿ ಪಕ್ಕಕ್ಕೆ ನಿಲ್ಲಿಸಬಹುದು. ನಾಲ್ಕು ಪಥದ ಹೆದ್ದಾರಿಯನ್ನು ಮಕ್ಕಳ ಕೈ ಹಿಡಿದು ದಾಟುವ ಅಪಾಯ ಇಲ್ಲ. ಮಕ್ಕಳನ್ನು ಎಡ ಕಿಟಕಿಗೆ ಕೂರಿಸಿದರೆ ಕಿಟಕಿ ಜಗಳವೂ ಅರ್ಧ ಮುಗಿಯಿತು.

ಬೆಂಗಳೂರು, ಮೈಸೂರು, ಹಾಸನದ ಕಡೆಯವರು ಹಾಗಾಗಿ ಮಂಗಳೂರಿನಿಂದ ಶುರುಮಾಡಿ ಅಂಕೋಲಾದ ಬಳಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ಮೇಲೆ ವಾಪಸಾಗುವುದು ಅನುಕೂಲ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಕಾರವಾರ, ಅಂಕೋಲಾ ಹತ್ತಿರ. ಅವರು ಮೊದಲ ದಿನವೇ ದಕ್ಷಿಣಕ್ಕೆ ಉಡುಪಿಯವರೆಗೆ ಹೋಗಿ ತಂಗಿ, ಮಾರನೇ ದಿನದಿಂದ ನಿಧಾನವಾಗಿ ಮೇಲಕ್ಕೆ ಬರಬಹುದು.

ಬೆಂಗಳೂರಿನಿಂದ ಹೊರಟರೆ ಎಲ್ಲ ಸೇರಿ ಸುಮಾರು 1,300 ಕಿ.ಮೀ. ಆಗುತ್ತೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ 85ರಿಂದ 90 ಲೀಟರ್ ಇಂಧನ ಬೇಕು. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ, ಹೆಜಮಾಡಿ, ಸಾಸ್ತಾನ ಸೇರಿದಂತೆ ದಾರಿಯುದ್ದಕ್ಕೂ ಟೋಲ್ ಗೇಟುಗಳಿವೆ. ಘಟ್ಟ ಯಾವುದೇ ಇರಲಿ, ಶಿರಾಡಿಯೋ ಚಾರ್ಮಾಡಿಯೋ ಆಗುಂಬೆಯೋ, ಹಗಲು ಬೆಳಕಲ್ಲೇ ಇಳಿಯಿರಿ. ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ. ಹೊಟ್ಟೆ ತುಂಬ ತಿಂದು ತಿರುವುಗಳಿಗೆ ಹೋಗಬೇಡಿ.

ಮಂಡಿ ನೋವಿನ ಹಿರಿಯರಿಗೆ ಇಷ್ಟು ಹೊತ್ತು ಕಾರಿನಲ್ಲಿ ಕೂರುವುದು ಕಷ್ಟ ಅನ್ನಿಸಿದರೆ ಅವರನ್ನೂ ಜೊತೆಗೆ ಒಬ್ಬರನ್ನೂ ರೈಲಿನಲ್ಲಿ ಕಳಿಸಿ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಪಂಚಗಂಗಾ ಉಡುಪಿಯಲ್ಲಿ ನಿಲ್ಲುತ್ತದೆ. ಮಲಗಿಕೊಂಡು ಬಂದವರು ಬೆಳಿಗ್ಗೆ ನಿಮಗಿಂತ ಗೆಲುವಾಗಿರುತ್ತಾರೆ.

ಮೊದಲ ದಿನ: ಮಂಗಳೂರಿನಿಂದ ಮಲ್ಪೆ

ಈ ದಿನದ ದೂರ ಅರವತ್ತು ಕಿ.ಮೀ. ಆಸುಪಾಸು, ಅಷ್ಟೇ. ಹೊರಡುವ ಮುಂಚೆ ಒಂದು ಮಾತು ತಿಳಿದಿರಲಿ. ಹೆಸರಿಗೆ ಕರಾವಳಿ ಹೆದ್ದಾರಿಯಾದರೂ ಬಹುಪಾಲು ದಾರಿಯಲ್ಲಿ ಕಡಲು ಕಾಣಿಸುವುದೇ ಇಲ್ಲ. ಅಂಗಡಿ, ತೆಂಗಿನ ತೋಟ, ಫ್ಲೈಓವರ್ ಇಷ್ಟೇ. ಹೆದ್ದಾರಿಯಿಂದ ಎಡಕ್ಕೆ ಇಳಿದರೇ ನೀರು.

ಮಧ್ಯಾಹ್ನದ ಊಟ ಮಂಗಳೂರಿನಲ್ಲಿ ಮುಗಿಸಿ ಹೊರಟರೆ ಸಾಕು. ದಾರಿಯಲ್ಲಿ ಪಡುಬಿದ್ರಿಯ ಬೀಚ್ ಇದೆ. ಇದಕ್ಕೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇವನ್ನೆಲ್ಲ ನೋಡಿ ಕೊಡುವ ಮಾನ್ಯತೆ ಅದು. ಹೆಣ್ಣುಮಕ್ಕಳಿರುವ ಕುಟುಂಬಕ್ಕೆ ಈ ಸೌಲಭ್ಯಗಳ ಬೆಲೆ ಗೊತ್ತು. ಒದ್ದೆ ಬಟ್ಟೆಯಲ್ಲೇ ಎರಡು ಗಂಟೆ ಕಾರಿನಲ್ಲಿ ಕೂತವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಕ್ಕಳು ನೀರಾಡಲೇಬೇಕು ಅಂತ ಹಟ ಹಿಡಿದರೆ ಆ ಆಟ ಇಂಥ ಕಡೆ ಇರಲಿ.

ಸಂಜೆಗೆ ಕಾಪು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಲ್ಲಿದೆ. ಸಂಜೆ ಹೊತ್ತು ಒಳಗೆ ಬಿಡುತ್ತಾರೆ. ಮೆಟ್ಟಿಲು ಕಡಿದಾಗಿರುವುದರಿಂದ ಹಿರಿಯರು ಕೆಳಗೆ ಕಡಲೆಕಾಯಿ ತಿನ್ನುತ್ತಾ ಕೂರಲಿ. ಕಾಪುವಿನಿಂದ ಮತ್ತೆ ಹೆದ್ದಾರಿಗೆ ಬರಬೇಡಿ. ಮಟ್ಟು, ಪಡುಕೆರೆ ಮೇಲೆ ಮಲ್ಪೆಗೆ ದಡದುದ್ದಕ್ಕೂ ಕಿರಿದಾದ ರಸ್ತೆಯಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ, ನಡುವೆ ಮೀನುಗಾರರ ಮನೆಗಳು. ಸಾಂಬಾರಿಗೆ ಹೆಸರಾದ 'ಮಟ್ಟುಗುಳ್ಳ' ಬದನೆ ಬೆಳೆಯುವುದು ಇದೇ ಮಟ್ಟುವಿನಲ್ಲಿ. ಇಲ್ಲಿ ಹಾರ್ನ್ ಕಡಿಮೆ, ವೇಗ ಇನ್ನೂ ಕಡಿಮೆ ಇರಲಿ. ಆ ರಸ್ತೆ ಅಲ್ಲಿನ ಮಕ್ಕಳ ಅಂಗಳವೂ ಹೌದು.

ಎರಡನೇ ದಿನ: ಉಡುಪಿಯಲ್ಲೇ ಇರಿ

ಎರಡು ರಾತ್ರಿ ಒಂದೇ ಕಡೆ ತಂಗುವುದು ಈ ಯೋಜನೆಯ ಗುಟ್ಟು. ಚೀಲ ಬಿಚ್ಚಿ, ಕಟ್ಟುವ ಕೆಲಸ ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತೆ ಹೇಳಬೇಕಿಲ್ಲ. ದಿನಕ್ಕೊಂದು ರೂಮ್ ಬದಲಿಸಿದರೆ ಆಕೆಗೆ ರಜೆ ಎಲ್ಲಿ?

ಬೆಳಿಗ್ಗೆ ಬೇಗ ಕೃಷ್ಣ ಮಠ. ರಶ್ ಕಡಿಮೆ, ಬಿಸಿಲಿಲ್ಲ, ಅಜ್ಜಿ ಕನಕನ ಕಿಂಡಿಯ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು. ರಥಬೀದಿಯಲ್ಲಿ ಬನ್ಸ್, ಗೋಳಿಬಜೆ ತಿಂದು ಮಲ್ಪೆಗೆ ಬನ್ನಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಬಂಡೆಗಳನ್ನು ಮಕ್ಕಳಿಗೆ ತೋರಿಸಿ. ಯಾರೂ ಕಡೆದದ್ದಲ್ಲ, ಲಾವಾರಸ ತಣಿಯುವಾಗ ತಾನಾಗಿ ಸೀಳಿ ಆದ ಆಕಾರ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದ ಕುರುಹು ಇದು. ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪಾಠಪುಸ್ತಕದಲ್ಲಿ ಖಂಡಗಳ ಚಲನೆ ಓದುವ ಮಗುವಿಗೆ ಇದಕ್ಕಿಂತ ಒಳ್ಳೆ ತರಗತಿ ಇಲ್ಲ. ದೋಣಿ ಗಾಳಿ ನೋಡಿಕೊಂಡು ಹೊರಡುತ್ತೆ, ಜನ ತುಂಬುವುದನ್ನೂ ಕಾಯುತ್ತೆ. ವಾಪಸ್ ಬರುವ ಕೊನೆಯ ದೋಣಿ ಎಷ್ಟಕ್ಕೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ನೆರಳು ಕಡಿಮೆ, ಟೋಪಿ, ನೀರು ಜೊತೆಗಿರಲಿ. ಬಂಡೆಗಳ ಮೇಲೆ ಪಾಚಿ ಜಾರುತ್ತದೆ, ಸೆಲ್ಫಿಗೆ ಅಂಚಿಗೆ ಹೋಗಬೇಡಿ.

ಮಧ್ಯಾಹ್ನ ಕಡ್ಡಾಯ ವಿಶ್ರಾಂತಿ. ಹೋಟೆಲಿನಲ್ಲಿ ಅನ್ನ ಬೇಕೆಂದರೆ "ಕುಚ್ಚಲಕ್ಕಿಯೋ ಬೆಳ್ತಿಗೆಯೋ?" ಅಂತ ಕೇಳಿಯಾರು. ದಪ್ಪನೆಯ ಕೆಂಪು ಅನ್ನ ಅಭ್ಯಾಸವಿಲ್ಲದ ಹಿರಿಯರು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಕೇಳಬಹುದು. ಉಳಿದವರು ಕುಚ್ಚಲಕ್ಕಿಯನ್ನೇ ಒಮ್ಮೆ ಮೀನುಸಾರಿನ ಜೊತೆ ಉಂಡು ನೋಡಿ. ಸಂಜೆ ಹೂಡೆ ಮೇಲೆ ಕೋಡಿ ಬೆಂಗ್ರೆಗೆ ಹೋಗಿ. ಹೊಳೆ ಕಡಲು ಸೇರುವ ಜಾಗ, ನೋಡಲು ಬಲು ಚಂದ. ಅಳಿವೆಯ ನೀರಿಗೆ ಮಾತ್ರ ಇಳಿಯುವಂತಿಲ್ಲ.

ಮೂರನೇ ದಿನ: ಮರವಂತೆ ದಾಟಿ ಮುರುಡೇಶ್ವರ

ಇಂದಿನ ದೂರ ನೂರು ಕಿ.ಮೀ.ಗೆ ತುಸು ಹೆಚ್ಚುಕಮ್ಮಿ. ತಿಂಡಿ ಮುಗಿಸಿ ನಿಧಾನಕ್ಕೆ ಹೊರಡಿ. ಶಿವರಾಮ ಕಾರಂತರ ಹುಟ್ಟೂರು ಕೋಟ ದಾರಿಯಲ್ಲೇ ಸಿಗುತ್ತದೆ. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಊಟಕ್ಕೆ ಕುಂದಾಪುರ. ಕೋಳಿ ತಿನ್ನುವವರಿಗೆ ಘೀ ರೋಸ್ಟ್‌ನ ತವರು ಇದು, ಜೊತೆಗೆ ನೀರುದೋಸೆ. ಇಲ್ಲಿ ಭಾಷೆಯೂ ಬದಲಾಗಿರುತ್ತೆ ಗಮನಿಸಿ. ಮಂಗಳೂರಿನಿಂದ ಕಿವಿಗೆ ಬೀಳುತ್ತಿದ್ದ ತುಳು ಹಿಂದೆ ಉಳಿದು, ಪದಗಳನ್ನು ಚುಟುಕು ಮಾಡಿ ಆಡುವ ಕುಂದಗನ್ನಡ ಶುರುವಾಗಿದೆ. ಮುಂದೆ ಭಟ್ಕಳದಲ್ಲಿ ನವಾಯತಿ, ಹೊನ್ನಾವರ, ಕುಮಟಾದಲ್ಲಿ ಹವಿಗನ್ನಡ, ಕಾರವಾರದಲ್ಲಿ ಕೊಂಕಣಿ. "ಎಷ್ಟು ಭಾಷೆ ಕೇಳಿದ್ರಿ?" ಅಂತ ಮಕ್ಕಳಿಗೆ ಲೆಕ್ಕ ಇಡಲು ಹೇಳಿ, ಮೊಬೈಲ್ ತಾನಾಗಿ ಕೆಳಗಿಳಿಯುತ್ತೆ.

ಕುಂದಾಪುರ ದಾಟಿದ ಮೇಲೆ ತ್ರಾಸಿ, ಮರವಂತೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಇಲ್ಲಿ ಎಲ್ಲರೂ ನಿಲ್ಲಿಸುತ್ತಾರೆ, ನೀವೂ ನಿಲ್ಲಿಸಿ. ಆದರೆ ರಸ್ತೆಯಿಂದ ಪೂರ್ತಿ ಹೊರಗೆ, ಹಿಂದಿನಿಂದ ಲಾರಿಗಳು ಬರುತ್ತಿರುತ್ತವೆ. ಹೊಳೆ ನೋಡಲೆಂದು ಮಕ್ಕಳು ಒಬ್ಬರೇ ಆಚೆ ಬದಿಗೆ ಓಡದಿರಲಿ. ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಹತ್ತಬೇಡಿ.

ಸೂರ್ಯಾಸ್ತ ಬೈಂದೂರಿನ ಒತ್ತಿನೆಣೆಯಲ್ಲಿ. ಗುಡ್ಡದ ಮೇಲಿನ ಕ್ಷಿತಿಜ ನೇಸರ ಧಾಮದಿಂದ ಹೊಳೆ, ಮರಳು, ಕಡಲು ಮೂರೂ ಒಟ್ಟಿಗೆ ಕಾಣುತ್ತವೆ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಐದೂವರೆಗೆ ಅಲ್ಲಿರಿ. ನೀರಿಗೆ ಇಳಿಯಲಾಗದ ಹಿರಿಯರಿಗೆ ಇಡೀ ಪ್ರವಾಸದಲ್ಲಿ ಇದೇ ಒಳ್ಳೆಯ ಜಾಗ. ರಾತ್ರಿ ಮುರುಡೇಶ್ವರ.

ನೀರಿನ ವಿಷಯ: ಇದನ್ನು ಮನೆಯಲ್ಲೇ ಓದಿ ಹೇಳಿ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲ ಮುಗಿದು ತಿಂಗಳುಗಳೇ ಕಳೆದಿದ್ದವು. "ಈಗ ಕಡಲು ಶಾಂತ ಇದೆ" ಎಂಬ ಮಾತನ್ನು ನಂಬಿ ಕೂರಬಾರದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಪಾಯ ಇರುವುದು ಎತ್ತರದ ಅಲೆಯಲ್ಲಿ ಮಾತ್ರವಲ್ಲ. ದಡಕ್ಕೆ ಬಂದ ನೀರು ಎಲ್ಲೋ ಒಂದು ಕಡೆಯಿಂದ ವಾಪಸ್ ಹೋಗಬೇಕಲ್ಲ. ಹಾಗೆ ಹೋಗುವಾಗ ಅಲ್ಲಿ ಒಂದು ಓಣಿಯಂತೆ ಜೋರಾದ ಸೆಳೆತ ಇರುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ. ಹೊಸಬರ ಕಣ್ಣಿಗೆ ಅದೇ ಶಾಂತವಾದ, ಇಳಿಯಲು ಒಳ್ಳೆಯ ಜಾಗದಂತೆ ಕಾಣುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೇ ನೇರ ಈಜಲು ಹೋಗಿ ಸುಸ್ತಾಗಬಾರದು. ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಕೊಚ್ಚಿಹೋಗುತ್ತಿರುವವರ ಹಿಂದೆ ಈಜು ಬಾರದವರು ಹಾರಬಾರದು. ಕಟ್ಟಿದ ಖಾಲಿ ಕ್ಯಾನ್, ಹಗ್ಗ, ಟ್ಯೂಬ್ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ಮನೆಯ ನಿಯಮ ಸರಳವಾಗಿರಲಿ. ಮಂಡಿ ಮಟ್ಟದ ನೀರು, ಅದಕ್ಕಿಂತ ಮುಂದಿಲ್ಲ. ಜೀವರಕ್ಷಕರು ಇಲ್ಲದ ಕಡೆ ಪಾದ ಮಾತ್ರ. ಕತ್ತಲಾದ ಮೇಲೆ ನೀರಿಲ್ಲ. ಮಕ್ಕಳು ನೀರಿನ ಹತ್ತಿರ ಇರುವಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಒಳಗಿಟ್ಟು ಅವರನ್ನೇ ನೋಡುತ್ತಿರಬೇಕು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ. ಕುಡಿದವರು ನೀರಿಗೆ ಇಳಿಯುವ ಮಾತೇ ಬೇಡ. ಕೆಂಪು ಬಾವುಟ ಇದ್ದರೆ ವಾದ ಮಾಡಬೇಡಿ. ಬಾವುಟವೂ ಇಲ್ಲ, ಸಿಬ್ಬಂದಿಯೂ ಇಲ್ಲ ಅಂದರೆ ದಡದಲ್ಲಿ ಬಲೆ ಸರಿಮಾಡುವವರನ್ನು ಕೇಳಿ: "ಅಣ್ಣ, ಇಲ್ಲಿ ನೀರಿಗೆ ಇಳಿಯಬಹುದಾ?" ಅವರು ಬೇಡ ಅಂದರೆ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ ಎಂಬುದೂ ನೆನಪಿರಲಿ.

ನಾಲ್ಕನೇ ದಿನ: ಹೊನ್ನಾವರ, ಕುಮಟಾ, ಗೋಕರ್ಣ

ಮುರುಡೇಶ್ವರದ 123 ಅಡಿ ಎತ್ತರದ ಶಿವನನ್ನು ಬೆಳಗಿನ ಬೆಳಕಿನಲ್ಲೇ ನೋಡಿ ಹೊರಡಿ. ಇಂದು ಓಡಾಟ ಎಂಬತ್ತು ಕಿ.ಮೀ. ಸುತ್ತ. ಕಾಸರಕೋಡಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ನಡಿಗೆದಾರಿ ಇದೆ. ಮಕ್ಕಳಿಗೆ ಏಡಿ ಹುಡುಕುವ ಕೆಲಸ ಕೊಡಿ. ಶರಾವತಿ ಕಡಲು ಸೇರುವುದೂ ಇಲ್ಲೇ, ಹಿನ್ನೀರಿನಲ್ಲಿ ದೋಣಿ ವಿಹಾರ ಇದೆ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರೆ ಮಾತ್ರ ಹತ್ತಿ. ಈ ಭಾಗದ ಮನೆಗಳಿಗೆ ಹೋದರೆ "ಆಸರಿಗೆ ಬೇಕಾ?" ಅಂತ ಕೇಳುತ್ತಾರೆ. ಕುಡಿಯಲು ಏನಾದರೂ ಬೇಕೇ ಅಂತ ಅರ್ಥ, ಬೇಡ ಅನ್ನಬೇಡಿ. ಕಾದ ಗಡಿಗೆಯ ಬೆನ್ನಿನ ಮೇಲೆ ಕಬ್ಬಿನಹಾಲಿನ ಹಿಟ್ಟು ಸವರಿ ಕಾಗದದಂತೆ ತೆಗೆಯುವ ತೊಡದೇವು ಅಂಗಡಿಗಳಲ್ಲಿ ಸಿಗುತ್ತೆ. ಊರಿಗೆ ಒಯ್ಯಲು ಒಳ್ಳೆಯ ತಿಂಡಿ.

ಕುಮಟಾ ದಾಟಿ ಸುಮಾರು 10 ಕಿ.ಮೀ. ಹೋದರೆ ಮಿರ್ಜಾನ್ ಕೋಟೆ, ಹೆದ್ದಾರಿಗೆ ಹತ್ತಿರವೇ. ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ನೆನಪು ಇದು, 16ನೇ ಶತಮಾನದ್ದು. ಪಕ್ಕದಲ್ಲೇ ಹರಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರಗಳು ಕಾಣುತ್ತವೆ. ಬೇಸಿಗೆ ಹತ್ತಿರವಾದರೆ ಬಿಳಿ ರಾಶಿಗಳು. ರಾತ್ರಿ ಗೋಕರ್ಣದಲ್ಲಿ ತಂಗಿ. ಮಹಾಬಲೇಶ್ವರನ ದರ್ಶನಕ್ಕೆ ಧೋತಿ, ಸೀರೆಯಂಥ ಉಡುಪು ಚೀಲದ ಮೇಲ್ಗಡೆಯೇ ಇರಲಿ.

ಐದನೇ ದಿನ: ಕಾರವಾರ

ಗೋಕರ್ಣದ ಬೆಳಗು ಓಂ ಬೀಚಿನ ಮೇಲಿನ ಗುಡ್ಡದಿಂದ ಚಂದ. ಅಲ್ಲಿಂದ ಕಾರವಾರ ಅರವತ್ತು ಕಿ.ಮೀ. ನಡುವಿನ ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ಊರು. ಮೇ ತಿಂಗಳಲ್ಲಾದರೆ 'ಕರಿ ಈಶಾಡ' ಮಾವಿನಹಣ್ಣು ಕೇಳಿ. ಕಾರವಾರದ ಠಾಗೋರ್ ಕಡಲತೀರದಲ್ಲಿ ನೌಕಾಪಡೆಯಿಂದ ನಿವೃತ್ತವಾದ 'ಐಎನ್‌ಎಸ್ ಚಪಲ್' ಕ್ಷಿಪಣಿ ನೌಕೆ ಮ್ಯೂಸಿಯಂ ಆಗಿ ನಿಂತಿದೆ. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ರವೀಂದ್ರನಾಥ ಠಾಗೋರರು ಯುವಕರಾಗಿದ್ದಾಗ ಇಲ್ಲಿ ಉಳಿದಿದ್ದರು, ತೀರಕ್ಕೆ ಆ ಹೆಸರು ಅದಕ್ಕೇ. ರಾತ್ರಿ ಇಲ್ಲೇ ತಂಗಿ, ಮಾರನೇ ಬೆಳಿಗ್ಗೆ ಘಟ್ಟ ಹತ್ತಿ.

ದಿನ ಕಡಿಮೆ ಇದ್ದವರು ಏನು ಮಾಡಬೇಕು? ಮೂರೇ ದಿನ ಇದ್ದರೆ ಅರ್ಧ ಕರಾವಳಿ ನೋಡಿ. ಮಂಗಳೂರಿನಿಂದ ಮರವಂತೆ, ಇಲ್ಲವೇ ಮುರುಡೇಶ್ವರದಿಂದ ಕಾರವಾರ. ಉಳಿದದ್ದು ಮುಂದಿನ ವರ್ಷಕ್ಕಿರಲಿ.

ಹೊರಡುವ ಮುನ್ನ

- ಹಿರಿಯರ ಬಿಪಿ, ಶುಗರ್ ಮಾತ್ರೆ ಎರಡು ಚೀಲಗಳಲ್ಲಿ ಹಂಚಿಡಿ, ಔಷಧ ಚೀಟಿಯ ಫೋಟೊ ಫೋನಿನಲ್ಲಿರಲಿ.
- ಶನಿವಾರ, ಭಾನುವಾರ ಮತ್ತು ವರ್ಷದ ಕೊನೆಯ ವಾರಕ್ಕೆ ರೂಮ್ ಮೊದಲೇ ಹೇಳಿಡಿ. ನೆಲಮಹಡಿ ಅಥವಾ ಲಿಫ್ಟ್ ಇದೆಯಾ ಕೇಳಿ.
- ಬಹಳ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಸಮಯ ಫೋನ್ ಮಾಡಿ ತಿಳಿದುಕೊಳ್ಳಿ.
- ಓಆರ್‌ಎಸ್, ಒಣ ಬಟ್ಟೆಯ ಪ್ರತ್ಯೇಕ ಚೀಲ, ಹಳೆ ಟವೆಲ್, ಸ್ಯಾನಿಟರಿ ಪ್ಯಾಡ್, ಕಸ ಹಾಕಲು ಒಂದು ಚೀಲ.
- ಗಾಡಿ ಓಡಿಸುವವರು ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಸಂಜೆ ಏಳರ ನಂತರ ಸ್ಟೇರಿಂಗ್ ಬೇಡ.
- ಮೀನು ಒಣಗಿಸುವವರ, ಬಲೆ ಎಳೆಯುವವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ನಮಗೆ ರಜೆ, ಅವರಿಗೆ ಅದು ಕೆಲಸದ ಹೊತ್ತು.